'ಇಂಟರೆಸ್ಟ್' ಪದದ ಅಕ್ಕಪಕ್ಕ

ಎಲ್ಲರಿಗೂ ನಮಸ್ಕಾರ. ಇವತ್ತು ಒಂದೇ ಒಂದು ಇಂಗ್ಲಿಷ್ ನಾಮಪದವನ್ನು ಬಿಡಿಸಿ ನೋಡೋಣ: 'ಇಂಟರೆಸ್ಟ್'. ಆಸಕ್ತಿ, ಬಡ್ಡಿ, ಹಿತ, ಪಾಲು ಎಂಬ ಇದರ ನಾಲ್ಕು ಅರ್ಥಗಳನ್ನು ಬಾಯಿಪಾಠ ಮಾಡಿದವರೂ ವಾಕ್ಯ ಕಟ್ಟುವಾಗ ಎಡವುತ್ತಾರೆ. ಏಕೆಂದರೆ ಇಲ್ಲಿ ಯಾವ ಅರ್ಥ ಎಂದು ಹೇಳುವುದು ಅದರ ಅಕ್ಕಪಕ್ಕದ ಪದಗಳು. ಹಿಂದಿನ ಕ್ರಿಯಾಪದ ಯಾವುದು, ಮುಂದಿನ ಪ್ರಿಪೊಸಿಷನ್ ('ಇನ್', 'ಆನ್'ನಂಥ ಪದ) ಯಾವುದು, 'ಆ್ಯನ್' (an) ಇದೆಯೇ, ಬಹುವಚನದ 'ಎಸ್' ಇದೆಯೇ ಎಂದು ನೋಡಬೇಕು. ಇಂಥ ರೂಢಿಯ ಜೋಡಣೆಗೆ ಕೊಲೊಕೇಷನ್ ಎನ್ನುತ್ತಾರೆ. ಇದೇನೂ ಹೊಸ ತಲೆನೋವಲ್ಲ. ಇಂಗ್ಲಿಷ್ ಬೋಧನೆಯ ತಜ್ಞ ಹೆರಾಲ್ಡ್ ಪಾಮರ್ 1933ರಲ್ಲೇ ಟೋಕಿಯೋದಲ್ಲಿ ಇಂಗ್ಲಿಷ್ ಕೊಲೊಕೇಷನ್‌ಗಳ ಮೇಲೆ ಒಂದು ವರದಿ ಹೊರತಂದಿದ್ದರು.

ಬಡ್ಡಿಯ ಅರ್ಥ ಸುಲಭ, ಅದನ್ನು ಮೊದಲು ಮುಗಿಸೋಣ. ಇಲ್ಲಿ 'ಆ್ಯನ್' ಇಲ್ಲ, 'ಎಸ್' ಇಲ್ಲ. ಸಾಲಗಾರ 'ಪೇ ಇಂಟರೆಸ್ಟ್', ಬ್ಯಾಂಕು 'ಚಾರ್ಜ್ ಇಂಟರೆಸ್ಟ್', ಠೇವಣಿ 'ಅರ್ನ್ ಇಂಟರೆಸ್ಟ್'. ನಾವು ಬಡ್ಡಿ ಹಾಕುತ್ತಾರೆ ಎನ್ನುತ್ತೇವೆಂದು 'ಪುಟ್ ಇಂಟರೆಸ್ಟ್' ಎಂದರೆ ಯಾರಿಗೂ ಅರ್ಥವಾಗದು. ಸಾಲದ ಮೇಲಿನ ಬಡ್ಡಿ 'ಇಂಟರೆಸ್ಟ್ ಆನ್ ಎ ಲೋನ್'. ದರ ಹೇಳುವಾಗ 'ಅಟ್': 'ಅಟ್ 8 ಪರ್ಸೆಂಟ್ ಇಂಟರೆಸ್ಟ್'.

ಈ 'ಆನ್' ಅನ್ನು ನೆನಪಿಡಿ, ಮುಂದೆ ಕೈಕೊಡುವುದು ಇದೇ. ಕನ್ನಡದಲ್ಲಿ ಸಾಲದ ಮೇಲೆ ಬಡ್ಡಿ ಅನ್ನುತ್ತೇವೆ, ಸಂಗೀತದ ಮೇಲೆ ಆಸಕ್ತಿ ಎಂದೂ ಅನ್ನುತ್ತೇವೆ. ಎರಡಕ್ಕೂ 'ಮೇಲೆ' ಸಲ್ಲುತ್ತದೆ. ಇಂಗ್ಲಿಷ್ ಒಪ್ಪುವುದಿಲ್ಲ: ಆಸಕ್ತಿಗೆ 'ಇನ್' ಮಾತ್ರ. 'ಇಂಟರೆಸ್ಟ್ ಆನ್ ಮ್ಯೂಸಿಕ್' ಎಂದು ಬರೆದರೆ ಸಂಗೀತಕ್ಕೆ ಬಡ್ಡಿ ಕಟ್ಟಿದಂತೆ ಕೇಳಿಸುತ್ತದೆ. 'ಬಗ್ಗೆ' ಎಂಬುದರ ನೆರಳಿನಲ್ಲಿ ಬರುವ 'ಇಂಟರೆಸ್ಟ್ ಅಬೌಟ್' ಕೂಡ ತಪ್ಪೇ.

ಆಸಕ್ತಿಯ ಅರ್ಥದಲ್ಲಿ 'ಆ್ಯನ್' ಹೆಚ್ಚು ಕಾಡುತ್ತದೆ. 'ಟೇಕ್ ಆ್ಯನ್ ಇಂಟರೆಸ್ಟ್ ಇನ್', 'ಡೆವಲಪ್ ಆ್ಯನ್ ಇಂಟರೆಸ್ಟ್ ಇನ್' ಎಂಬಲ್ಲಿ ಅದು ಬೇಕು. 'ಲೂಸ್ ಇಂಟರೆಸ್ಟ್ ಇನ್' ಎಂಬಲ್ಲಿ ಬೇಡ. 'ಶೋ' ಜೊತೆ ಎರಡೂ ನಡೆಯುತ್ತದೆ. ಇದಕ್ಕೆ ನಿಯಮ ಹುಡುಕುತ್ತಾ ಕೂರುವುದು ವ್ಯರ್ಥ. ಇಡೀ ಜೋಡಣೆಯನ್ನೇ ಒಂದು ಪದವೆಂಬಂತೆ ಕಲಿಯಿರಿ. ಆಸಕ್ತಿ ಜಾಸ್ತಿ ಎನ್ನಲು 'ಕೀನ್', 'ಗ್ರೇಟ್', 'ಸ್ಟ್ರಾಂಗ್' ಬಳಸಿ. ಅರ್ಜಿಗಳಲ್ಲಿ ಕಾಣುವ 'ಐ ಹ್ಯಾವ್ ಹೈ ಇಂಟರೆಸ್ಟ್' ಎಂಬುದು ಓದುವವರ ಕಿವಿಗೆ ಬಡ್ಡಿದರವನ್ನು ನೆನಪಿಸುತ್ತದೆ. ಅಲ್ಲಿ 'ಐ ಆ್ಯಮ್ ವೆರಿ ಇಂಟರೆಸ್ಟೆಡ್ ಇನ್' ಎಂದರೆ ಸಾಕು.

ಹಿತದ ಅರ್ಥಕ್ಕೆ ಬಂದರೆ ಬಹುವಚನ ಕಾಣಿಸಿಕೊಳ್ಳುತ್ತದೆ. ಒಬ್ಬರ ಹಿತ ಕಾಯುವುದು 'ಪ್ರೊಟೆಕ್ಟ್ ಸಮ್‌ಒನ್ಸ್ ಇಂಟರೆಸ್ಟ್ಸ್'. ಇಲ್ಲಿ 'ಎಸ್' ಬಿಟ್ಟರೆ ವಾಕ್ಯ ಆಸಕ್ತಿಯ ಕಡೆಗೋ ಬಡ್ಡಿಯ ಕಡೆಗೋ ವಾಲುತ್ತದೆ. 'ಇನ್ ದಿ ಪಬ್ಲಿಕ್ ಇಂಟರೆಸ್ಟ್', 'ಕಾನ್‌ಫ್ಲಿಕ್ಟ್ ಆಫ್ ಇಂಟರೆಸ್ಟ್' ಮಾತ್ರ ಸಾಮಾನ್ಯವಾಗಿ ಏಕವಚನದಲ್ಲೇ ಬರುತ್ತವೆ.

ಪಾಲಿನ ಅರ್ಥ ಎಲ್ಲಕ್ಕಿಂತ ಮೋಸದ್ದು, ಏಕೆಂದರೆ ಅದಕ್ಕೂ 'ಆ್ಯನ್' ಬೇಕು, 'ಇನ್' ಬೇಕು. 'ಶೀ ಹ್ಯಾಸ್ ಆ್ಯನ್ ಇಂಟರೆಸ್ಟ್ ಇನ್ ದ ಕಂಪನಿ' ಎಂಬ ವಾಕ್ಯವನ್ನೇ ತೆಗೆದುಕೊಳ್ಳಿ. ಆಕೆಗೆ ಕಂಪನಿಯ ಬಗ್ಗೆ ಕುತೂಹಲವೋ, ಅದರಲ್ಲಿ ಪಾಲಿದೆಯೋ? ವ್ಯವಹಾರದ ಬರಹದಲ್ಲಿ ಸಾಮಾನ್ಯವಾಗಿ ಎರಡನೆಯದು. ಸಂಶಯ ಉಳಿಯಬಾರದೆಂದರೆ ಬೇರೆ ಪದವನ್ನು ಪಕ್ಕಕ್ಕೆ ತನ್ನಿ. ಪಾಲಿಗೆ 'ಎ 30 ಪರ್ಸೆಂಟ್ ಇಂಟರೆಸ್ಟ್', 'ಕಂಟ್ರೋಲಿಂಗ್ ಇಂಟರೆಸ್ಟ್', ಅಥವಾ ಕ್ರಿಯಾಪದವಾಗಿ 'ಅಕ್ವೈರ್'. ಕುತೂಹಲಕ್ಕೆ 'ಟೇಕ್ಸ್ ಎ ಕೀನ್ ಇಂಟರೆಸ್ಟ್'.

ಇನ್ನೊಂದು ಜೋಡಿ ನೋಡಿ. 'ಎಕ್ಸ್‌ಪ್ರೆಸ್ ಆ್ಯನ್ ಇಂಟರೆಸ್ಟ್' ಎಂದರೆ ನನಗೆ ಇದು ಬೇಕಿತ್ತು ಎಂದು ಸೂಚಿಸುವುದು. 'ಡಿಕ್ಲೇರ್ ಆ್ಯನ್ ಇಂಟರೆಸ್ಟ್' ಎಂದರೆ ಈ ವಿಷಯದ ತೀರ್ಮಾನದಲ್ಲಿ ನನ್ನ ಸ್ವಂತ ಲಾಭ ಅಡಗಿದೆ ಎಂದು ಸಭೆಗೆ ತಿಳಿಸುವುದು. ಟೆಂಡರ್ ಸಭೆಯಲ್ಲಿ ಇವು ಅದಲುಬದಲಾದರೆ ಮಾತು ಎಲ್ಲಿಗೋ ಹೋಗುತ್ತದೆ. 'ಡಿಸ್‌ಇಂಟರೆಸ್ಟೆಡ್' ಪದವನ್ನೂ ಈ ಲಾಭದ ಅರ್ಥದ ಜೊತೆಗೇ ಇಟ್ಟುಕೊಳ್ಳಿ: ಎಚ್ಚರದ ಬರಹದಲ್ಲಿ ಅದಕ್ಕೆ ನಿಷ್ಪಕ್ಷಪಾತಿ ಎಂದರ್ಥ. ಆಸಕ್ತಿ ಇಲ್ಲದವರು 'ಅನ್‌ಇಂಟರೆಸ್ಟೆಡ್'.

ಟಿಪ್ಪಣಿ ಮಾಡಿಕೊಳ್ಳುವ ಕ್ರಮ ಹೀಗಿರಲಿ. ಕೊಲೊಕೇಷನ್ ನಿಘಂಟಿನಲ್ಲಿ ಕ್ರಿಯಾಪದವನ್ನಲ್ಲ, ನಾಮಪದವನ್ನು ತೆಗೆಯಿರಿ. ಜೋಡಿಗಳು ಅರ್ಥದ ಪ್ರಕಾರ ಅಲ್ಲೇ ಬೇರೆಯಾಗಿರುತ್ತವೆ. ಒಂದು ಅರ್ಥಕ್ಕೆ ಒಂದು ಪುಟ, ಪುಟಕ್ಕೆ 4–5 ಜೋಡಿ ಸಾಕು. 30 ಬರೆದುಕೊಂಡರೆ ಯಾವುದೂ ನಾಲಿಗೆಗೆ ಬರದು. 'ಟೇಕ್' ಎಂದಷ್ಟೇ ಬರೆಯಬೇಡಿ. 'ಟೇಕ್ ಆ್ಯನ್ ಇಂಟರೆಸ್ಟ್ ಇನ್' ಎಂದು 'ಆ್ಯನ್', 'ಇನ್' ಸಮೇತ ಬರೆದು, ಕೆಳಗೆ ನಿಮ್ಮದೇ ಒಂದು ವಾಕ್ಯ ಸೇರಿಸಿ. ವಾರ ಬಿಟ್ಟು ನಾಮಪದದ ಮೇಲೆ ಬೆರಳಿಟ್ಟು ಮುಚ್ಚಿ ಓದಿ: ಉಳಿದ ಪದಗಳಿಂದಲೇ ಯಾವ ಅರ್ಥವೆಂದು ಹೊಳೆಯದಿದ್ದರೆ ಆ ವಾಕ್ಯವನ್ನು ಹೊಡೆದುಹಾಕಿ ಬೇರೆ ಬರೆಯಿರಿ.