ಪಿಡಿಎಫ್ ಮಾಡಲು ನಿಮ್ಮ ಫೈಲನ್ನು ಯಾರ ಕೈಗೂ ಕೊಡಬೇಡಿ

ನೀವು ಒಂದು ಪತ್ರ ಬರೆದಿದ್ದೀರಿ. ಅದರಲ್ಲಿ ನಿಮ್ಮ ಹೆಸರು, ವಿಳಾಸ, ಫೋನ್ ನಂಬರ್, ಸಂಬಳ ಎಲ್ಲ ಇದೆ. ಇನ್ನು ಅದನ್ನು ಮಡಚಿ ಲಕೋಟೆಗೆ ಹಾಕಬೇಕು, ಅಷ್ಟೇ ಕೆಲಸ. ಅದಕ್ಕೆ ದಾರಿಹೋಕರನ್ನು ಕರೆದು ಪತ್ರ ಕೈಗೆ ಕೊಡುತ್ತೀರಾ? ಇಲ್ಲ ಅಲ್ವಾ. ಆದರೆ ವರ್ಡ್ ಫೈಲನ್ನು ಪಿಡಿಎಫ್ ಮಾಡಬೇಕಾದಾಗ ಎಷ್ಟೋ ಜನ ಇದನ್ನೇ ಮಾಡುತ್ತೇವೆ. ಉಚಿತ ಪಿಡಿಎಫ್ ಎಂದು ಹುಡುಕುತ್ತೇವೆ. ಮೊದಲು ಕಂಡ ಸೈಟ್ ತೆರೆದು ಫೈಲ್ ಅಪ್‌ಲೋಡ್ ಮಾಡುತ್ತೇವೆ.

ನಾನೂ ವರ್ಷಗಟ್ಟಲೆ ಹಾಗೇ ಮಾಡಿದ್ದೆ. ಒಂದು ಸಲ ನನ್ನ ತಂಗಿ ಕೆಲಸಕ್ಕೆ ಅರ್ಜಿ ಹಾಕುತ್ತಿದ್ದಳು. ಅರ್ಜಿ ಕಳಿಸಲು ಇನ್ನು ಒಂದು ಗಂಟೆ ಮಾತ್ರ ಉಳಿದಿತ್ತು. ಅವಳ ರೆಸ್ಯೂಮೆಯನ್ನು ನಾನೇ ಒಂದು ಸೈಟಿಗೆ ಹಾಕಿದೆ. ಎರಡು ಪುಟ ಇದ್ದದ್ದು ಮೂರು ಪುಟವಾಗಿ ಬಂತು. ಪ್ರತಿ ಪುಟದ ಅಡಿಯಲ್ಲಿ ಆ ಸೈಟಿನ ಹೆಸರು. ಅದನ್ನು ತೆಗೆಯಬೇಕೆಂದರೆ ದುಡ್ಡು ಕಟ್ಟಿ ಎಂದಿತು. ತಂಗಿ ಅದನ್ನೆಲ್ಲ ನೋಡಿ ಒಂದೇ ಮಾತು ಕೇಳಿದಳು. "ಅಣ್ಣಾ, ನನ್ನ ಫೈಲ್ ಈಗ ಅವರ ಹತ್ತಿರಾನೇ ಇರುತ್ತಾ?"

ಆ ಪ್ರಶ್ನೆಯಿಂದಲೇ ಇವತ್ತು ಈ ವಿಷಯ ಮಾತಾಡಲು ಕೂತಿದ್ದೇನೆ.

ಮೊದಲು, ಎರಡು ಪುಟ ಮೂರಾಗಿದ್ದು ಯಾಕೆ ಎಂದು ನೋಡೋಣ. ವರ್ಡ್ ಫೈಲಿನ ಒಳಗೆ ನೀವು ಬರೆದ ಮಾತುಗಳಿರುತ್ತವೆ, ಜೊತೆಗೆ ಒಂದಿಷ್ಟು ಸೂಚನೆ. ಇಂಥ ಫಾಂಟ್, ಇಷ್ಟು ಅಳತೆ, ಇಷ್ಟು ಅಂಚು. ಸಾಲು ಎಲ್ಲಿ ಮುರಿಯಬೇಕು, ಪುಟ ಎಲ್ಲಿ ಮುಗಿಯಬೇಕು ಎನ್ನುವುದನ್ನು ಫೈಲ್ ತೆರೆದ ಕಂಪ್ಯೂಟರ್ ಆಗಿಂದಾಗಲೇ ಲೆಕ್ಕ ಹಾಕುತ್ತದೆ. ಅಲ್ಲಿ ನಿಮ್ಮ ಫಾಂಟ್ ಇಲ್ಲದಿದ್ದರೆ ಬೇರೊಂದನ್ನು ಹಾಕಿಕೊಳ್ಳುತ್ತದೆ. ಅಕ್ಷರದ ಅಗಲ ಚೂರು ಹೆಚ್ಚಾದರೂ ಸಾಕು, ಸಾಲುಗಳು ಕೆಳಗೆ ಕೆಳಗೆ ಜಾರುತ್ತವೆ. ಪಿಡಿಎಫ್‌ನಲ್ಲಿ ಈ ಲೆಕ್ಕ ಒಂದೇ ಸಲ ನಡೆಯುತ್ತದೆ, ಅದು ತಯಾರಾಗುವಾಗ. ಯಾವ ಅಕ್ಷರ ಪುಟದ ಯಾವ ಜಾಗದಲ್ಲಿ ಕೂರಬೇಕು ಎಂದು ಅದರಲ್ಲಿ ಬರೆದಿಟ್ಟಿರುತ್ತದೆ. ಸಾಮಾನ್ಯವಾಗಿ ಬೇಕಾದ ಫಾಂಟನ್ನೂ ಒಳಗೇ ಸೇರಿಸಿರುತ್ತಾರೆ. ಹಾಗಾಗಿ ಆಮೇಲೆ ಎಲ್ಲಿ ತೆರೆದರೂ ಪುಟ ಅಲುಗುವುದಿಲ್ಲ.

ಅಂದರೆ ಪಿಡಿಎಫ್ ಎಲ್ಲಿ ತಯಾರಾಗುತ್ತದೆ ಎನ್ನುವುದೇ ಮುಖ್ಯ. ನಿಮ್ಮ ಫಾಂಟ್ ಇರುವುದು ನಿಮ್ಮ ಕಂಪ್ಯೂಟರಿನಲ್ಲಿ. ಪುಟ ಸರಿಯಾಗಿ ಕಾಣುತ್ತಿರುವುದೂ ಅಲ್ಲೇ. ಮತ್ತೆ ಅದನ್ನು ಹೊರಗೆ ಕಳಿಸಿ, ಆ ಫಾಂಟೇ ಇಲ್ಲದ ಕಡೆ ಮಾಡಿಸುವುದು ಯಾಕೆ?

ದುಡ್ಡಿನ ಮಾತಿಗೆ ಬರೋಣ. ಪಿಡಿಎಫ್ 1993ರಲ್ಲಿ ಅಡೋಬಿ ಕಂಪನಿಯಿಂದ ಬಂತು. 2008ರಲ್ಲಿ ಅದು ಐಎಸ್‌ಒ 32000 ಎಂಬ ಅಂತರರಾಷ್ಟ್ರೀಯ ಮಾನದಂಡವಾಯಿತು. ಪಿಡಿಎಫ್ ಬರೆಯುವ ತಂತ್ರಾಂಶವನ್ನು ಈಗ ಯಾರು ಬೇಕಾದರೂ ಮಾಡಬಹುದು, ಮಾಡಿದ್ದಾರೆ ಕೂಡ. ಅದು ಬಹುಶಃ ಈಗಾಗಲೇ ನಿಮ್ಮ ಹತ್ತಿರ ಇದೆ. ವರ್ಡ್ 2007ರಲ್ಲಿ ಮೊದಮೊದಲು ಅದಕ್ಕಾಗಿ ಬೇರೆಯಾಗಿ ಒಂದು ಆಡ್-ಇನ್, ಅಂದರೆ ಹೆಚ್ಚುವರಿ ತಂತ್ರಾಂಶ, ಹಾಕಿಕೊಳ್ಳಬೇಕಿತ್ತು. 2009ರ ಅಪ್‌ಡೇಟ್ ನಂತರ ಸೇವ್ ಆ್ಯಸ್ ಒಳಗೇ ಪಿಡಿಎಫ್ ಬಂತು. ವರ್ಡ್ ಇಲ್ಲದವರಿಗೆ ಲಿಬ್ರೆಆಫೀಸ್ ಇದೆ. ಅದು ಪೂರ್ತಿ ಉಚಿತ, ವರ್ಡ್‌ನ ಡಾಕ್ಸ್ ಫೈಲನ್ನೂ ತೆರೆಯುತ್ತದೆ, ಫೈಲ್ ಮೆನುವಿನಲ್ಲಿ ಎಕ್ಸ್‌ಪೋರ್ಟ್ ಆ್ಯಸ್ ಪಿಡಿಎಫ್ ಇದೆ. ನೂರು ಫೈಲ್ ಇದ್ದರೆ ಟರ್ಮಿನಲ್‌ನಲ್ಲಿ, ಅಂದರೆ ಆದೇಶ ಟೈಪ್ ಮಾಡುವ ಕಿಟಕಿಯಲ್ಲಿ, ಒಂದೇ ಸಾಲಿನ ಆದೇಶ ಕೊಟ್ಟು ನೂರನ್ನೂ ಪಿಡಿಎಫ್ ಮಾಡಿಸಬಹುದು. 2015ರಲ್ಲಿ ಬಂದ ವಿಂಡೋಸ್ 10ರಿಂದ ಪ್ರಿಂಟರ್‌ಗಳ ಪಟ್ಟಿಯಲ್ಲೇ ಪ್ರಿಂಟ್ ಟು ಪಿಡಿಎಫ್ ಇದೆ. ಮ್ಯಾಕ್‌ನಲ್ಲಿ ಅದಕ್ಕೂ ಎಷ್ಟೋ ಮೊದಲೇ ಇತ್ತು. ಆಂಡ್ರಾಯ್ಡ್ ಫೋನಿನಲ್ಲೂ ಪ್ರಿಂಟ್ ಒತ್ತಿದರೆ ಸೇವ್ ಆ್ಯಸ್ ಪಿಡಿಎಫ್ ಸಿಗುತ್ತದೆ.

ಆದರೆ ಇಲ್ಲಿ ಒಂದು ವ್ಯತ್ಯಾಸ ಇದೆ, ಇದನ್ನು ದಯವಿಟ್ಟು ಗಮನ ಕೊಟ್ಟು ಕೇಳಿ. ಪ್ರಿಂಟ್ ಬೇರೆ, ಎಕ್ಸ್‌ಪೋರ್ಟ್ (ವರ್ಡ್‌ನಲ್ಲಾದರೆ ಸೇವ್ ಆ್ಯಸ್) ಬೇರೆ. ಪ್ರಿಂಟ್ ಮಾಡಿದರೆ ಕಂಪ್ಯೂಟರ್ ಮುಂದೆ ಕಾಗದ ಇದೆ ಎಂದೇ ನಡೆದುಕೊಳ್ಳುತ್ತದೆ. ಕಾಗದದ ಮೇಲೆ ಲಿಂಕ್ ಒತ್ತಲು ಆಗುವುದಿಲ್ಲ, ಹಾಗಾಗಿ ಎಷ್ಟೋ ಸಲ ಲಿಂಕ್‌ಗಳು ಸತ್ತುಹೋಗುತ್ತವೆ. ಪರಿವಿಡಿ ಒತ್ತಿದರೆ ಅಧ್ಯಾಯಕ್ಕೆ ಹೋಗುವುದಿಲ್ಲ. ಇದು ತಲೆಬರಹ, ಇದು ಪಟ್ಟಿ, ಇದು ಕೋಷ್ಟಕ ಎಂಬ ಗುರುತುಗಳೂ ಹೋಗಿಬಿಡುತ್ತವೆ. ಕಣ್ಣಿಗೆ ಕಾಣದ ಗುರುತು ಹೋದರೆ ಏನಂತೆ ಎನ್ನಬೇಡಿ. ಕಣ್ಣು ಕಾಣದ ಓದುಗರು ಪರದೆಯಲ್ಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ ಸ್ಕ್ರೀನ್ ರೀಡರ್ ಇಟ್ಟುಕೊಂಡು ಓದುತ್ತಾರೆ. ಅವರಿಗೆ ಫೈಲಿನಲ್ಲಿ ದಾರಿ ತೋರಿಸುವುದೇ ಆ ಗುರುತುಗಳು. ಅವಿಲ್ಲದಿದ್ದರೆ ಐವತ್ತು ಪುಟವನ್ನು ಮೊದಲಿಂದ ಕೊನೆತನಕ ಒಂದೇ ಉಸಿರಿಗೆ ಕೇಳಬೇಕು. ಅದಕ್ಕೇ ನಾನು ಯಾವಾಗಲೂ ಎಕ್ಸ್‌ಪೋರ್ಟ್ ಎನ್ನುವುದು. ಲಿಬ್ರೆಆಫೀಸ್‌ನ ಆಯ್ಕೆಗಳಲ್ಲಿ ಟ್ಯಾಗ್ಡ್ ಪಿಡಿಎಫ್ ಎಂದಿರುತ್ತದೆ, ಅದಕ್ಕೆ ಟಿಕ್ ಹಾಕಿ. ವರ್ಡ್‌ನಲ್ಲಿ ಆಪ್ಷನ್ಸ್ ಒತ್ತಿದರೆ ಆಕ್ಸೆಸಿಬಿಲಿಟಿ ಟ್ಯಾಗ್ ಕಾಣುತ್ತದೆ. ಬರೆಯುವಾಗಲೇ ತಲೆಬರಹಕ್ಕೆ ಹೆಡಿಂಗ್ ಸ್ಟೈಲ್ ಕೊಟ್ಟಿರಬೇಕು. ಸುಮ್ನೆ ಅಕ್ಷರ ದಪ್ಪ ಮಾಡಿಬಿಟ್ಟರೆ ಯಾವ ತಂತ್ರಾಂಶಕ್ಕೂ ಅದು ತಲೆಬರಹ ಎಂದು ಗೊತ್ತಾಗುವುದಿಲ್ಲ.

ನನ್ನ ಫೈಲಿನಲ್ಲಿ ಅಂಥ ಗುಟ್ಟೇನಿದೆ ಎಂದು ಕೆಲವರು ಕೇಳುತ್ತಾರೆ. ಊರಿಗೆಲ್ಲ ಹಂಚುವ ಕರಪತ್ರವಾದರೆ ನಿಜ, ಗುಟ್ಟೇನಿಲ್ಲ. ಆದರೆ ನಾವು ಪಿಡಿಎಫ್ ಮಾಡುವುದು ಜಾಸ್ತಿ ಯಾವುದನ್ನು? ಅರ್ಜಿ, ಒಪ್ಪಂದ, ವೈದ್ಯರಿಗೆ ಬರೆದ ವಿವರ, ಬಾಡಿಗೆ ಪತ್ರ. ಒಂದು ಗಂಟೆಯಲ್ಲಿ ಅಳಿಸುತ್ತೇವೆ ಎಂದು ಸೈಟಿನಲ್ಲಿ ಬರೆದಿರಬಹುದು. ಅಳಿಸುವ ಪ್ರಾಮಾಣಿಕರೂ ಇದ್ದಾರೆ. ಆದರೆ ಅಳಿಸಿದ್ದನ್ನು ನೋಡಲು ನಮಗೆ ಕಿಟಕಿ ಇಲ್ಲ. ಇದು ಬರೀ ನನ್ನ ಅನುಮಾನ ಅಂದುಕೊಳ್ಳಬೇಡಿ. 2025ರ ಮಾರ್ಚ್‌ನಲ್ಲಿ ಅಮೆರಿಕದ ಎಫ್‌ಬಿಐನ ಡೆನ್ವರ್ ಕಚೇರಿ ಇದರ ಬಗ್ಗೆಯೇ ಎಚ್ಚರಿಕೆ ಕೊಟ್ಟಿತು. ಕೆಲವು ಉಚಿತ ಪರಿವರ್ತಕಗಳು ಕೇಳಿದ ಕೆಲಸ ಮಾಡಿಕೊಟ್ಟು, ಹಿಂದಿರುಗಿಸುವ ಫೈಲಿನ ಜೊತೆ ಕೆಟ್ಟ ತಂತ್ರಾಂಶವನ್ನೂ ಕಳಿಸುತ್ತವೆ, ಅಪ್‌ಲೋಡ್ ಆದ ಫೈಲಿನಿಂದ ಪಾಸ್‌ವರ್ಡ್, ಬ್ಯಾಂಕ್ ವಿವರ ಕೆದಕಿ ತೆಗೆಯುತ್ತವೆ ಎಂದು ಹೇಳಿತು. ಇದರಲ್ಲಿ ನನಗೆ ತೀರಾ ಬೇಸರವಾಗುವುದು ಆ ಮೊದಲ ಮಾತು. ಫೈಲ್ ಸರಿಯಾಗಿಯೇ ಬರುತ್ತದೆ. ಅನುಮಾನವೇ ಹುಟ್ಟುವುದಿಲ್ಲ.

ಒಂದು ಮಾತು ನೆನಪಿರಲಿ. ಮನೆಯಲ್ಲೇ ಮಾಡಿದ ಪಿಡಿಎಫ್ ಕೂಡ ನಿಮ್ಮ ಬಗ್ಗೆ ಬೇಡದ್ದನ್ನು ಹೇಳಬಹುದು. ವರ್ಡ್‌ನಲ್ಲಿ ತಿದ್ದುಪಡಿ, ಕಾಮೆಂಟ್ ತೋರಿಸುತ್ತಿದ್ದಾಗಲೇ ಸೇವ್ ಮಾಡಿದರೆ ಅವೂ ಪಿಡಿಎಫ್ ಒಳಗೆ ಬಂದುಬಿಡಬಹುದು. ಫೈಲಿನ ಗುಣವಿವರದಲ್ಲಿ (ಪ್ರಾಪರ್ಟೀಸ್) ಬರೆದವರ ಹೆಸರು ಹಾಗೇ ಉಳಿಯುತ್ತದೆ. ಸಾಲಿನ ಮೇಲೆ ಕಪ್ಪು ಪಟ್ಟಿ ಎಳೆದರೆ ಅಡಿಯ ಅಕ್ಷರ ಅಲ್ಲೇ ಇರುತ್ತದೆ, ಮುಚ್ಚಬೇಕಾದ್ದನ್ನು ಮೂಲದಲ್ಲೇ ಅಳಿಸಿ.

ತಂಗಿಯ ರೆಸ್ಯೂಮೆಯನ್ನು ಆ ಸಂಜೆ ಅವಳ ಕಂಪ್ಯೂಟರಿನಲ್ಲೇ ಮತ್ತೆ ಪಿಡಿಎಫ್ ಮಾಡಿದೆವು. ಎರಡೇ ಪುಟ ಬಂತು, ಅಡಿಯಲ್ಲಿ ಯಾರ ಹೆಸರೂ ಇರಲಿಲ್ಲ. ಅಂದಿನಿಂದ ಕಳಿಸುವ ಮುಂಚೆ ಇಬ್ಬರೂ ಒಂದು ಪರೀಕ್ಷೆ ಮಾಡುತ್ತೇವೆ. ಪಿಡಿಎಫ್ ತೆರೆದು ಲಿಂಕ್ ಒತ್ತಿ ನೋಡುತ್ತೇವೆ. ಆಮೇಲೆ ಒತ್ತಕ್ಷರ ಇರುವ ಒಂದು ಕನ್ನಡ ಸಾಲನ್ನು ನಕಲು ಮಾಡಿ ಬೇರೆ ಕಡೆ ಅಂಟಿಸುತ್ತೇವೆ. ಪುಟದಲ್ಲಿ ಚೆನ್ನಾಗಿ ಕಂಡರೂ ಅಂಟಿಸಿದಾಗ ಅಕ್ಷರ ಕಲಸಿಹೋಗಿದ್ದರೆ ಆ ಫೈಲಿನಲ್ಲಿ ಹುಡುಕಿದ ಪದ ಸಿಗುವುದಿಲ್ಲ, ಸ್ಕ್ರೀನ್ ರೀಡರ್ ಕೂಡ ತಪ್ಪಾಗಿ ಓದುತ್ತದೆ. ಹಾಗಾದರೆ ಬರಹ ಯೂನಿಕೋಡ್‌ನಲ್ಲಿ, ಅಂದರೆ ಎಲ್ಲ ಕಂಪ್ಯೂಟರುಗಳಿಗೂ ಒಂದೇ ಆದ ಅಕ್ಷರ ಸಂಕೇತದಲ್ಲಿ, ಇದೆಯೇ ಎಂದು ನೋಡಿಕೊಂಡು ಇನ್ನೊಮ್ಮೆ ಎಕ್ಸ್‌ಪೋರ್ಟ್ ಮಾಡುತ್ತೇವೆ.