ಪಿಯಾನೋ ಹಿಂದೆ ಅಡಗಿ ಕೂತಿದ್ದ ಮಗು

ಕೇಳುಗರಿಗೆ ನಮಸ್ಕಾರ.

ಶರ್ಲಿ ಟೆಂಪಲ್ ಅಂದ ಕೂಡಲೇ ನೆನಪಿಗೆ ಬರುವುದು ಗುಂಗುರು ಕೂದಲು, ಗುಳಿ ಬೀಳುವ ಕೆನ್ನೆ, ಟಕಟಕ ಸದ್ದು ಮಾಡುವ ಪುಟ್ಟ ಬೂಟುಗಳು. 1935ರಿಂದ 1938ರವರೆಗೆ, ಸತತ 4 ವರ್ಷ, ಅಮೆರಿಕದ ಟಾಕೀಸುಗಳಿಗೆ ಎಲ್ಲರಿಗಿಂತ ಜಾಸ್ತಿ ಜನರನ್ನು ಕರೆತಂದ ಬಾಲತಾರೆ ಅವಳು. ಇವತ್ತು ನಾನು ಹೇಳಬೇಕೆಂದಿರುವುದು ಅದಕ್ಕೂ ಮುಂಚಿನ ಕಥೆ. ಅವಳಿಗೆ ಇನ್ನೂ ನಾಲ್ಕು ವರ್ಷ ತುಂಬುವ ಮೊದಲೇ ಶುರುವಾದ, ಹತ್ತು ಹತ್ತು ನಿಮಿಷದ ಹಾಸ್ಯಚಿತ್ರಗಳ ಕಥೆ.

ಶರ್ಲಿ ಹುಟ್ಟಿದ್ದು 1928ರ ಏಪ್ರಿಲ್ 23ರಂದು, ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾದಲ್ಲಿ. ಅಪ್ಪ ಬ್ಯಾಂಕಿನ ನೌಕರ. ಅಮ್ಮ ಗರ್ಟ್ರೂಡ್‌ಗೆ ಮಗಳು ಕುಣಿಯಬೇಕೆಂಬ ಆಸೆ. ಮೂರು ವರ್ಷಕ್ಕೇ ಮೆಗ್ಲಿನ್ ಎಂಬುವರ ನೃತ್ಯಶಾಲೆಗೆ ಸೇರಿಸಿದರು. ಒಂದು ದಿನ ಚಾರ್ಲ್ಸ್ ಲ್ಯಾಮಾಂಟ್ ಎಂಬ ನಿರ್ದೇಶಕ ಮಕ್ಕಳನ್ನು ಆರಿಸಲು ಅಲ್ಲಿಗೆ ಬಂದ. ಹೊಸ ಮುಖ ಕಂಡು ಶರ್ಲಿ ಪಿಯಾನೋ ಹಿಂದೆ ಅಡಗಿ ಕೂತಳು. ಅವನ ಕಣ್ಣು ಬಿದ್ದದ್ದು ಆ ಅಡಗಿದ ಮಗುವಿನ ಮೇಲೇ.

ಆಗ 'ಅವರ್ ಗ್ಯಾಂಗ್' ಎಂಬ ಮಕ್ಕಳ ಹಾಸ್ಯಚಿತ್ರಗಳು ಚೆನ್ನಾಗಿ ಓಡುತ್ತಿದ್ದವು. ಅದನ್ನು ನೋಡಿ ಎಜುಕೇಶನಲ್ ಪಿಕ್ಚರ್ಸ್‌ನವರು ಇನ್ನೂ ಚಿಕ್ಕ ಮಕ್ಕಳನ್ನೇ ಹಾಕಿಕೊಂಡು 'ಬೇಬಿ ಬರ್ಲೆಸ್ಕ್' ಎಂಬ ಸರಣಿ ತೆಗೆದರು. ಒಟ್ಟು 8 ಚಿತ್ರ. ದೊಡ್ಡವರ ಚಿತ್ರಗಳನ್ನೂ ದೊಡ್ಡವರ ಲೋಕವನ್ನೂ ಮಕ್ಕಳ ಕೈಲಿ ಅಣಕ ಮಾಡಿಸುವುದೇ ಅದರ ತಮಾಷೆ. ಮೈಮೇಲೆ ದೊಡ್ಡವರ ಅಂಗಿ, ಟೋಪಿ. ಸೊಂಟಕ್ಕೆ ಮಾತ್ರ ಹಸುಗೂಸಿಗೆ ಕಟ್ಟುವ ಬಟ್ಟೆ, ಅದಕ್ಕೆ ಬೇಕೆಂದೇ ಚುಚ್ಚಿದ ಭಾರೀ ಗಾತ್ರದ ಪಿನ್ನು!

ಮೊದಲ ಚಿತ್ರ 1932ರ 'ರಂಟ್ ಪೇಜ್'. ಅದರಲ್ಲಿ ಶರ್ಲಿಯ ತುಟಿ ಅಲ್ಲಾಡುತ್ತದೆ, ದನಿ ಮಾತ್ರ ಅವಳದ್ದಲ್ಲ. ಮಕ್ಕಳ ಬಾಯಿಗೆಲ್ಲ ದೊಡ್ಡವರ ದನಿ ಕೂಡಿಸಿದ್ದಾರೆ. ಆಮೇಲೆ 'ವಾರ್ ಬೇಬೀಸ್' ಬಂತು. ಅದರಲ್ಲಿ ಅವಳು ಫ್ರಾನ್ಸಿನ ಹೋಟೆಲೊಂದರಲ್ಲಿ ಸೈನಿಕರ ಮುಂದೆ ಕುಣಿಯುವವಳು. ಅಲ್ಲಿ ಹೆಂಡದ ಬದಲು ಹಾಲು. ಅವಳಿಗಾಗಿ ಇಬ್ಬರು ಹುಡುಗರ ಪೈಪೋಟಿ. ನೋಡುವಾಗ ನನಗೆ ನಗು ಬರಲಿಲ್ಲ. ಓರೆಗಣ್ಣ ನೋಟ, ಭುಜ ಕುಣಿಸುವ ಬೆಡಗು, ಇವು ಯಾವುವೂ ಆ ಮಗುವಿಗೆ ತಿಳಿದ ವಿಷಯಗಳಲ್ಲ. ಹೇಳಿಕೊಟ್ಟದ್ದನ್ನು ಅದು ಚಾಚೂ ತಪ್ಪದೆ ಮಾಡುತ್ತಿದೆ. ನಗುತ್ತಿದ್ದವರು ದೊಡ್ಡವರು. ತಾನು ಆಡುತ್ತಿರುವ ಆಟದ ಅರ್ಥ ಗೊತ್ತಿಲ್ಲದಿದ್ದದ್ದು ಮಗುವಿಗೆ ಮಾತ್ರ.

ಸಂಬಳ ಶೂಟಿಂಗ್ ನಡೆದ ದಿನಕ್ಕೆ 10 ಡಾಲರ್. ಅದಕ್ಕೆ ಮೊದಲು ನಡೆಯುತ್ತಿದ್ದ ರಿಹರ್ಸಲ್ ದಿನಗಳಿಗೆ ಒಂದು ಕಾಸೂ ಇಲ್ಲ. ಖರ್ಚು ಸರಿದೂಗಿಸಲು ಇದೇ ಮಕ್ಕಳನ್ನು ಬೆಳಗಿನ ತಿಂಡಿಯ ಜಾಹೀರಾತುಗಳಿಗೂ ನಿಲ್ಲಿಸುತ್ತಿದ್ದರು.

ಇನ್ನು ಒಂದು ಕಪ್ಪು ಪೆಟ್ಟಿಗೆಯ ವಿಷಯ. ಶಬ್ದ ಹಿಡಿಯುವ ತಂತ್ರಜ್ಞ ಕೂರಲು ಸೆಟ್ಟಿನಲ್ಲಿ ಒಂದು ಪುಟ್ಟ ಕೋಣೆಯಿತ್ತು, ಅದೇ ಈ ಪೆಟ್ಟಿಗೆ. ಒಳಗಿನ ಸದ್ದು ಹೊರಗೆ ಕೇಳದು. ಅದರೊಳಗೆ ಒಂದು ದೊಡ್ಡ ಮಂಜುಗಡ್ಡೆ. ಮಗು ಹಟ ಮಾಡಿದರೆ, ಹೇಳಿದ ಹಾಗೆ ಮಾಡದಿದ್ದರೆ, ಆ ಪೆಟ್ಟಿಗೆಗೆ ಹಾಕಿ ಬಾಗಿಲು ಮುಚ್ಚುತ್ತಿದ್ದರು. ಕೂರಬೇಕೆಂದರೆ ಮಂಜುಗಡ್ಡೆಯ ಮೇಲೇ ಕೂರಬೇಕು. ಅತ್ತರೂ ಯಾರಿಗೂ ಕೇಳಿಸದು. ಮೂರು, ನಾಲ್ಕು, ಐದು ವರ್ಷದ ಮಕ್ಕಳು ಅವು. ಶರ್ಲಿಯೂ ಅದರೊಳಗೆ ಕೂತು ಬಂದವಳೇ. ಮನೆಗೆ ಬಂದು ಅಮ್ಮನಿಗೆ ಹೇಳಿದಳು. ಮಗು ಏನೋ ಕಟ್ಟಿ ಹೇಳುತ್ತಿದೆ ಎಂದುಕೊಂಡ ಅಮ್ಮ ನಂಬಲಿಲ್ಲ.

'ಕಿಡ್ ಇನ್ ಆಫ್ರಿಕಾ' ಚಿತ್ರದಲ್ಲಿ ಕರಿಯ ಮಕ್ಕಳು ಕಾಡಿನವರ ವೇಷದಲ್ಲಿ ಓಡಿ ಬಂದು ಒಟ್ಟಿಗೆ ಬೀಳಬೇಕಿತ್ತು. ಬೀಳಲೆಂದೇ ಅವರ ಕಾಲಿಗೆ ಅಡ್ಡವಾಗಿ ತಂತಿ ಕಟ್ಟಿದ್ದರು. ಆ ಮಕ್ಕಳ ಕಾಲಿಗೆ ಗಾಯವಾದದ್ದನ್ನು ಶರ್ಲಿ ಮುಂದೆ ತಾವೇ ಬರೆದಿದ್ದಾರೆ. ಆ ದೃಶ್ಯಕ್ಕೂ ಟಾಕೀಸಿನಲ್ಲಿ ಜನ ನಕ್ಕಿರಬೇಕು, ಅಲ್ವಾ?

ಇಷ್ಟೆಲ್ಲ ಇದ್ದರೂ ಆ ಚಿತ್ರಗಳಲ್ಲಿ ಒಂದು ಕಡೆ ನಾನು ಮತ್ತೆ ಮತ್ತೆ ನಿಲ್ಲುತ್ತೇನೆ. 1933ರ 'ಗ್ಲ್ಯಾಡ್ ರ‍್ಯಾಗ್ಸ್ ಟು ರಿಚಸ್'. ಶರ್ಲಿ ತೆರೆಯ ಮೇಲೆ ಮೊದಲ ಸಲ ಹಾಡಿದ್ದು ಇದರಲ್ಲಿ, ಬೂಟಿನಿಂದ ತಾಳ ಹಾಕುವ ಟ್ಯಾಪ್ ನೃತ್ಯ ಕುಣಿದದ್ದೂ ಇದರಲ್ಲೇ. ಬೂಟಿನ ಸದ್ದು ತಾಳಕ್ಕೆ ಕೂತ ಕೂಡಲೇ ಮುಖ ಬೇರೆಯಾಗುತ್ತದೆ. ಅಲ್ಲಿ ಅಣಕ ಇಲ್ಲ. ಒಂದು ಮಗು ತನ್ನ ಪಾಡಿಗೆ ತಾನು ಕುಣಿಯುತ್ತಿದೆ, ಅಷ್ಟೆ. ಮುಂದೆ ಜಗತ್ತು ಮೆಚ್ಚಿದ ಶರ್ಲಿ ನನಗೆ ಮೊದಲು ಕಾಣುವುದು ಆ ಕೆಲವು ನಿಮಿಷಗಳಲ್ಲಿ.

1933ರಲ್ಲೇ ಅವಳ ನಿರ್ಮಾಪಕ ಜ್ಯಾಕ್ ಹೇಸ್ ದಿವಾಳಿಯಾದ. ಅಪ್ಪ 25 ಡಾಲರ್ ಕೊಟ್ಟು ಮಗಳ ಕರಾರನ್ನು ಬಿಡಿಸಿಕೊಂಡರು. ಆ ವರ್ಷದ ಕೊನೆಗೆ ಫಾಕ್ಸ್ ಕಂಪನಿ ಅವಳನ್ನು ವಾರಕ್ಕೆ 150 ಡಾಲರಿಗೆ ಸೇರಿಸಿಕೊಂಡಿತು. ಅಲ್ಲಿಂದಾಚೆ ನಡೆದದ್ದು ನಿಮಗೆಲ್ಲ ಗೊತ್ತು.

ಶರ್ಲಿ ದೊಡ್ಡವರಾದರು, ಘಾನಾಕ್ಕೂ ಆಮೇಲೆ ಜೆಕೊಸ್ಲೊವಾಕಿಯಾಕ್ಕೂ ಅಮೆರಿಕದ ರಾಯಭಾರಿಯಾದರು. 1988ರಲ್ಲಿ, 60ನೇ ವಯಸ್ಸಿನಲ್ಲಿ, ಆತ್ಮಕಥೆ ಬರೆದಾಗ ಆ ಕಪ್ಪು ಪೆಟ್ಟಿಗೆಯನ್ನು ಮರೆತಿರಲಿಲ್ಲ. ಅದರಿಂದ ತಮ್ಮ ಮನಸ್ಸಿಗೆ ಕಾಯಂ ಪೆಟ್ಟೇನೂ ಬೀಳಲಿಲ್ಲ ಎನ್ನುತ್ತಾರೆ. ಹೊತ್ತು ಹಾಳು ಮಾಡಿದರೆ ದುಡ್ಡು ಹಾಳು, ದುಡ್ಡು ಹಾಳಾದರೆ ತೊಂದರೆ ಎಂಬ ಪಾಠವನ್ನು ಅಲ್ಲೇ ಕಲಿತೆ ಎಂದೂ ಬರೆಯುತ್ತಾರೆ. ಆಕೆಯ ಮಾತಿಗೆ ನಾನು ಎದುರಾಡಲಾರೆ, ಅನುಭವಿಸಿದವರು ಅವರು. ಆದರೂ ನಾಲ್ಕು ವರ್ಷದ ಮಗು ಮಂಜುಗಡ್ಡೆಯ ಮೇಲೆ ಕೂತು ಆ ಪಾಠ ಕಲಿತದ್ದನ್ನು ಸುಮ್ನೆ ಕೇಳಿಸಿಕೊಳ್ಳಲು ನನ್ನಿಂದ ಆಗುವುದಿಲ್ಲ.

ನಮಸ್ಕಾರ.