ಹೊಸ ಕಾರಿನ ಮೊದಲ ಆಯಿಲ್ ಬದಲಾವಣೆ

ಕೇಳುಗರಿಗೆ ನಮಸ್ಕಾರ.

ಹೊಸ ಕಾರಿನ ಎಂಜಿನ್ ಆಯಿಲನ್ನು ಮೊದಲ ಸಲ ಯಾವಾಗ ಬದಲಿಸಬೇಕು? ಅಥಣಿ ಕಡೆಯ ಕಬ್ಬು ಬೆಳೆಗಾರರನ್ನು ಕೇಳಿದರೆ 50 ತಾಸು ಓಡಿದ ಕೂಡಲೇ ಎನ್ನುತ್ತಾರೆ. ಜೀವಮಾನವಿಡೀ ಬೈಕ್ ಓಡಿಸಿದ ನೆರೆಮನೆಯ ಕಾಕಾ 1,000 ಕಿಲೋಮೀಟರ್ ದಾಟಿಸಬೇಡಿ ಎಂದು ಎಚ್ಚರಿಸುತ್ತಾರೆ. ಷೋರೂಮಿನ ಹುಡುಗ ಇನ್ನೂ ಅವಸರವಿಲ್ಲ, 10,000ಕ್ಕೆ ಬನ್ನಿ ಎನ್ನುತ್ತಾನೆ. ಈ ಮೂವರಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ. ರೈತರು ಟ್ರ್ಯಾಕ್ಟರಿನ ಮಾತು ಹೇಳುತ್ತಿದ್ದಾರೆ, ಕಾಕಾ ಬೈಕಿನ ಮಾತು ಹೇಳುತ್ತಿದ್ದಾರೆ. ನಾವು ಮಾತ್ರ ಇದೆಲ್ಲವನ್ನೂ ಕಲಸಿ ನಮ್ಮ ಕಾರಿಗೆ ಹಚ್ಚಿಕೊಂಡು ಗಲಿಬಿಲಿಯಾಗುತ್ತೇವೆ.

ಮೊದಲ ಆಯಿಲನ್ನು ಬೇಗ ಚೆಲ್ಲಬೇಕೆಂಬ ನಂಬಿಕೆಗೆ ಗಟ್ಟಿಯಾದ ಕಾರಣವೇ ಇತ್ತು. ಬೆಳಗಾವಿಯವರಿಗೆ ಅದನ್ನು ವಿವರಿಸುವುದು ಸುಲಭ, ಏಕೆಂದರೆ ಉದ್ಯಮಬಾಗದ ಯಂತ್ರಾಗಾರಗಳಲ್ಲಿ ಕೆಲಸ ಮಾಡಿದವರು ಇಲ್ಲಿ ಓಣಿಗೊಬ್ಬರಾದರೂ ಸಿಗುತ್ತಾರೆ. ಎಂಜಿನ್ನಿನ ಸಿಲಿಂಡರನ್ನು ಕೊರೆದ ಮೇಲೆ ಒಳಗೋಡೆಯನ್ನು ಕನ್ನಡಿಯಂತೆ ನುಣುಪು ಮಾಡುವುದಿಲ್ಲ. ಹೋನಿಂಗ್ ಎಂಬ ಕೆಲಸದಿಂದ ಅದರ ಮೇಲೆ ಓರೆಕೋರೆಯಾಗಿ ಸಣ್ಣ ಗೀರುಗಳನ್ನು ಎಳೆಯುತ್ತಾರೆ. ಆ ಗೀರುಗಳಲ್ಲಿ ಆಯಿಲ್ ನಿಲ್ಲಬೇಕು, ಸಿಲಿಂಡರಿನೊಳಗೆ ಹಿಂದೆ ಮುಂದೆ ಓಡುವ ಪಿಸ್ಟನ್ನಿಗೆ ತೊಡಿಸಿದ ರಿಂಗುಗಳು ಅದರ ಮೇಲೆ ಜಾರಬೇಕು. ಗೀರಿನ ಅಂಚುಗಳಲ್ಲಿ ಎದ್ದು ನಿಂತ ಲೋಹದ ಮೊನೆಗಳು ಮೊದಲ ಕೆಲವು ತಾಸುಗಳಲ್ಲಿ ರಿಂಗಿನ ತಿಕ್ಕಾಟಕ್ಕೆ ಸವೆದು ಉದುರುತ್ತವೆ. ಬೀಸುವ ಕಲ್ಲಿಗೆ ಉಳಿಯಿಂದ ಹೊಸದಾಗಿ ಕಚ್ಚು ಹಾಕಿಸಿದಾಗ ಮೊದಲ ಹಿಡಿ ಹಿಟ್ಟಿನಲ್ಲಿ ಕಲ್ಲಿನ ಪುಡಿ ಇರುತ್ತದೆಂದು ನಮ್ಮ ಅಜ್ಜಿಯರು ಅದನ್ನು ಚೆಲ್ಲುತ್ತಿದ್ದರಲ್ಲ, ಹಳೆಯ ಎಂಜಿನ್ನುಗಳ ಮೊದಲ ಆಯಿಲ್ ಅದೇ ಹಿಟ್ಟು. ಅಂಬಾಸಡರ್, ಪದ್ಮಿನಿಗಳ ಕಾಲದಲ್ಲಿ ಹೊಸ ಗಾಡಿಯ ಹಿಂಬದಿ ಗಾಜಿಗೆ 'ರನ್ನಿಂಗ್ ಇನ್' ಎಂಬ ಚೀಟಿ ಅಂಟಿಸಿಕೊಂಡು ಮೆಲ್ಲನೆ ಓಡಿಸುತ್ತಿದ್ದುದಕ್ಕೂ ಇದೇ ಕಾರಣ.

ಈಗ ಆ ಮೊನೆಗಳನ್ನು ಸವೆಸುವ ಕೆಲಸದ ಬಹುಪಾಲು ಕಾರ್ಖಾನೆಯಲ್ಲೇ ಮುಗಿಯುತ್ತದೆ. ಗೀರು ಎಳೆದ ಮೇಲೆ ಇನ್ನೊಂದು ನಯವಾದ ಸಾಣೆಕಲ್ಲಿನಿಂದ ತುದಿಗಳನ್ನು ಮಾತ್ರ ಕತ್ತರಿಸಿ ಚಪ್ಪಟೆ ಮಾಡುತ್ತಾರೆ. ಇದಕ್ಕೆ ಪ್ಲಾಟೋ ಹೋನಿಂಗ್ ಎನ್ನುತ್ತಾರೆ. ಬಿಡಿಭಾಗಗಳ ಅಳತೆ ಮೈಕ್ರಾನ್ ಲೆಕ್ಕದಲ್ಲಿ ಕೂಡುತ್ತದೆ, ಜೋಡಿಸುವ ಮೊದಲು ಎಲ್ಲವನ್ನೂ ತೊಳೆಯುತ್ತಾರೆ. ಹಾಗೆಂದು ಹೊಸ ಎಂಜಿನ್ನಿನಲ್ಲಿ ಪುಡಿ ಉದುರುವುದೇ ಇಲ್ಲ ಎಂದಲ್ಲ. ಉದುರುವುದು ಕಡಿಮೆ, ಉದುರಿದ್ದರಲ್ಲಿ ದಪ್ಪನೆಯದನ್ನು ಫಿಲ್ಟರ್ ಹಿಡಿಯುತ್ತದೆ.

ಬೈಕಿನ ಲೆಕ್ಕವೇ ಬೇರೆ. ನಮ್ಮ ಸಾಮಾನ್ಯ ಬೈಕುಗಳಲ್ಲಿ ಎಂಜಿನ್, ಕ್ಲಚ್, ಗೇರ್ ಮೂರಕ್ಕೂ ಒಂದೇ ಆಯಿಲ್, ಅದೂ ಸುಮಾರು ಒಂದು ಲೀಟರ್. ಹೊಸ ಗೇರಿನ ಹಲ್ಲುಗಳು ಕಚ್ಚಿಕೊಳ್ಳುವಾಗ ಏಳುವ ಲೋಹದ ಪುಡಿ, ಕ್ಲಚ್ ತಟ್ಟೆಯ ಧೂಳು ಎಲ್ಲವೂ ಅದರಲ್ಲೇ ಬೀಳುತ್ತವೆ. ಎಷ್ಟೋ ಸಣ್ಣ ಬೈಕುಗಳಲ್ಲಿ ಕಾರಿನಂತಹ ಕಾಗದದ ಫಿಲ್ಟರ್ ಕೂಡ ಇಲ್ಲ. ಆದ್ದರಿಂದ ಮೊದಲ ಸರ್ವಿಸಿನಲ್ಲೇ ಆಯಿಲ್ ಚೆಲ್ಲುವುದು ಅಲ್ಲಿ ಸರಿಯಾದ ಪದ್ಧತಿ. ಕಾರಿನಲ್ಲಿ ಗೇರ್ ಪೆಟ್ಟಿಗೆಯ ಆಯಿಲ್ ಪ್ರತ್ಯೇಕ, ಎಂಜಿನ್ನಿಗೆ ಮೂರು ನಾಲ್ಕು ಲೀಟರ್. ಕಾಕಾ ಅವರ ಅನುಭವಕ್ಕೆ ಕೈ ಮುಗಿಯೋಣ, ಆದರೆ ಅದನ್ನು ಕಾರಿಗೆ ಹಚ್ಚುವುದು ಬೇಡ.

ನಮ್ಮ ದೇಶದಲ್ಲಿ ಮಾರಾಟವಾಗುವ ಬಹಳಷ್ಟು ಕಾರುಗಳಿಗೆ ಮೊದಲ ಉಚಿತ ಸರ್ವಿಸ್ 1,000 ಕಿಲೋಮೀಟರ್ ಅಥವಾ ಒಂದು ತಿಂಗಳ ಆಸುಪಾಸಿನಲ್ಲಿ ಬರುತ್ತದೆ. ಅದು ಹೆಚ್ಚಾಗಿ ತಪಾಸಣೆ ಮಾತ್ರ: ನಟ್ಟು ಬೋಲ್ಟು ಬಿಗಿ ಇವೆಯೇ, ಎಲ್ಲಾದರೂ ಸೋರುತ್ತಿದೆಯೇ, ಆಯಿಲಿನ ಮಟ್ಟ ಸರಿಯಿದೆಯೇ ಎಂದು ನೋಡುತ್ತಾರೆ. ಆಯಿಲ್ ಬದಲಾವಣೆಗೆ ಅನೇಕ ಕೈಪಿಡಿಗಳು 10,000 ಕಿಲೋಮೀಟರ್ ಅಥವಾ ಒಂದು ವರ್ಷ, ಯಾವುದು ಮೊದಲೋ ಅದು, ಎನ್ನುತ್ತವೆ. ನಿಮ್ಮ ಕಾರಿನ ಅಂಕಿ ಬೇರೆಯಿರಬಹುದು, ಆದ್ದರಿಂದ ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿ ಪ್ಲಾಸ್ಟಿಕ್ ಹೊದಿಕೆಯೊಳಗೇ ಮಲಗಿರುವ ಕೈಪಿಡಿಯನ್ನು ಒಮ್ಮೆ ಹೊರಗೆ ತೆಗೆಯಿರಿ. ಇನ್ನೊಂದು ಮಾತು. ಉಚಿತ ಸರ್ವಿಸ್ ಎಂದರೆ ಕೂಲಿ ಉಚಿತ, ಆಯಿಲಿನ ಹಣ ನಿಮ್ಮದೇ. 1,000 ಕಿಲೋಮೀಟರಿಗೇ ಆಯಿಲ್ ಬದಲಿಸಿ, ಎಂಜಿನ್ ತೊಳೆಸಿ ಎಂದು ಕೌಂಟರಿನಲ್ಲಿ ಯಾರಾದರೂ ಒತ್ತಾಯಿಸಿದರೆ, ಕೈಪಿಡಿಯ ಯಾವ ಪುಟದಲ್ಲಿದೆ ತೋರಿಸಿ ಎಂದು ಕೇಳಿ. ಮಾತು ಅಲ್ಲಿಗೇ ನಿಲ್ಲುತ್ತದೆ.

ಆದರೆ ಆ ಕೈಪಿಡಿಯಲ್ಲೇ, ನಾವು ಓದದೆ ದಾಟಿಸಿಬಿಡುವ ಇನ್ನೊಂದು ಕೋಷ್ಟಕವಿದೆ. ಕಠಿಣ ಬಳಕೆಗೆ ಎಂದು ಅದರ ತಲೆಬರಹ. ಧೂಳಿನ ರಸ್ತೆ, ಮತ್ತೆ ಮತ್ತೆ ಸಣ್ಣ ಸಣ್ಣ ಓಡಾಟ, ನಿಂತಲ್ಲೇ ಎಂಜಿನ್ ಚಾಲೂ ಇಡುವುದು, ಭಾರ ಎಳೆಯುವುದು, ಇವು ಅದರ ಲಕ್ಷಣಗಳು. ಅಲ್ಲಿ ಆಯಿಲ್ ಬದಲಿಸುವ ಅವಧಿ ಕಡಿಮೆಯಾಗುತ್ತದೆ, ಎಷ್ಟೋ ಕಾರುಗಳಿಗೆ ಅರ್ಧಕ್ಕೇ ಇಳಿಯುತ್ತದೆ. ನನ್ನನ್ನು ಕೇಳಿದರೆ, ನಮ್ಮ ಜಿಲ್ಲೆಯ ಅರ್ಧಕ್ಕೂ ಹೆಚ್ಚು ಕಾರುಗಳ ಜಾಗ ಈ ಕೋಷ್ಟಕದಲ್ಲೇ. ಕಬ್ಬು ಅರೆಯುವ ಹಂಗಾಮಿನಲ್ಲಿ ಚಿಕ್ಕೋಡಿ, ರಾಯಬಾಗ ಕಡೆಯ ಒಳರಸ್ತೆಗಳಲ್ಲಿ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರಿನ ಹಿಂದೆ ಹೋದವರಿಗೆ ಧೂಳು ಎಂದರೇನು ಎಂದು ಹೇಳಬೇಕಾಗಿಲ್ಲ. ಮಣ್ಣಿನ ಸಣ್ಣ ಕಣ ಏರ್ ಫಿಲ್ಟರನ್ನು ತಪ್ಪಿಸಿಕೊಂಡು ಒಳಗೆ ಹೋದರೆ ಸಿಲಿಂಡರನ್ನು ಉಜ್ಜುತ್ತದೆ, ಕೊನೆಗೆ ಆಯಿಲಿಗೇ ಇಳಿಯುತ್ತದೆ. ಅಂಥ ರಸ್ತೆಯವರು ಆಯಿಲಿಗಿಂತ ಮೊದಲು ಏರ್ ಫಿಲ್ಟರ್ ಬಿಚ್ಚಿ ನೋಡಬೇಕು.

ಊರೊಳಗಿನವರ ತೊಂದರೆ ಬೇರೆ ಬಗೆಯದು. ಟಿಳಕವಾಡಿಯಿಂದ ಕ್ಯಾಂಪಿಗೆ ಮಕ್ಕಳನ್ನು ಶಾಲೆಗೆ ಬಿಟ್ಟು ಬರುವಷ್ಟರಲ್ಲಿ ಎಂಜಿನ್ ಪೂರ್ತಿ ಕಾಯುವುದೇ ಇಲ್ಲ, ಅದರಲ್ಲೂ ಮಳೆಗಾಲದಲ್ಲಿ. ಪೆಟ್ರೋಲ್ ಉರಿದಾಗ ಹುಟ್ಟುವ ನೀರಿನಾವಿ ಮತ್ತು ಉರಿಯದೆ ಉಳಿದ ಪೆಟ್ರೋಲ್ ಸ್ವಲ್ಪ ಸ್ವಲ್ಪವಾಗಿ ಆಯಿಲಿಗೆ ಸೇರುತ್ತವೆ. ಆಯಿಲ್ ಚೆನ್ನಾಗಿ ಕಾಯ್ದರೆ ಅವು ಹಾರಿಹೋಗುತ್ತವೆ, ಇಲ್ಲದಿದ್ದರೆ ಅಲ್ಲೇ ಉಳಿದು ಆಯಿಲನ್ನು ತೆಳುವಾಗಿಸುತ್ತವೆ. 2020ರ ಏಪ್ರಿಲ್ 1ರಿಂದ ಬಂದ ಬಿಎಸ್-6 ಎಂಬ ಹೊಗೆ ನಿಯಂತ್ರಣ ನಿಯಮದ ಡೀಸೆಲ್ ಕಾರುಗಳಲ್ಲಿಯೂ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ತನ್ನನ್ನು ತಾನು ಸುಟ್ಟು ಶುಚಿ ಮಾಡಿಕೊಳ್ಳುವಾಗ ಡೀಸೆಲ್ ಆಯಿಲಿಗೆ ಇಳಿಯುವುದುಂಟು. ಡಿಪ್‌ಸ್ಟಿಕ್ ಎಳೆದು ನೋಡಿದಾಗ ಆಯಿಲಿನ ಮಟ್ಟ ಏರಿದ್ದರೆ ಸಂತೋಷಪಡಬೇಡಿ, ಗ್ಯಾರೇಜಿಗೆ ಹೋಗಿ. ಬಣ್ಣ ನೋಡಿ ಮಾತ್ರ ಗಾಬರಿಯಾಗಬೇಡಿ. ಡೀಸೆಲ್ ಎಂಜಿನ್ನಿನ ಹೊಸ ಆಯಿಲ್ ಕೆಲವು ನೂರು ಕಿಲೋಮೀಟರಿಗೇ ಕಪ್ಪಾಗುತ್ತದೆ. ಮಸಿಯನ್ನು ತನ್ನಲ್ಲಿ ಹಿಡಿದಿಟ್ಟುಕೊಳ್ಳುವುದು ಅದರ ಕೆಲಸವೇ.

ಹಾಗಾದರೆ 5,000ಕ್ಕೇ ಬದಲಿಸಿದರೆ ತಪ್ಪೇ? ತಪ್ಪಲ್ಲ. ಧೂಳಿನಲ್ಲಿ, ಸಣ್ಣ ಓಡಾಟದಲ್ಲಿ ಇರುವ ಕಾರಿಗೆ ಅದನ್ನು ನಾನು ದುಂದು ಎನ್ನುವುದಿಲ್ಲ. ದಿನವೂ ಹೆದ್ದಾರಿಯಲ್ಲಿ ದೂರ ಓಡುವ ಕಾರಿಗೆ ಅದರ ಅಗತ್ಯವಿಲ್ಲ. 1,000ಕ್ಕೆ ಬದಲಿಸುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಎಂಜಿನ್ ಹೊಂದಿಕೊಳ್ಳುವ ಕಾಲಕ್ಕೆಂದೇ ಕೆಲವು ಕಂಪನಿಗಳು ಮೊದಲ ಆಯಿಲಿನಲ್ಲಿ ವಿಶೇಷ ಮಿಶ್ರಣ ಹಾಕಿ, ಅವಧಿಗೆ ಮುನ್ನ ತೆಗೆಯಬೇಡಿ ಎಂದೇ ಹೇಳುತ್ತವೆ.

ಆ ಮೊದಲ 1,000 ಕಿಲೋಮೀಟರಿನಲ್ಲಿ ಆಯಿಲಿಗಿಂತ ನಿಮ್ಮ ಬಲಗಾಲಿನ ಪಾತ್ರವೇ ದೊಡ್ಡದು. ನಮ್ಮಲ್ಲಿ ದಸರೆಯ ಖಂಡೆ ಪೂಜೆಗೋ ಪಾಡ್ಯಕ್ಕೋ ಕಾರು ತಂದು, ಗಾಲಿಯ ಕೆಳಗೆ ಲಿಂಬೆಹಣ್ಣು ಇಟ್ಟು, ಮರುದಿನವೇ ಮನೆಮಂದಿಯನ್ನೆಲ್ಲ ತುಂಬಿಕೊಂಡು ಕೊಲ್ಲಾಪುರದ ಮಹಾಲಕ್ಷ್ಮಿಯ ದರ್ಶನಕ್ಕೆ ಹೊರಡುವ ರೂಢಿ. ಹೋಗಿ ಬನ್ನಿ. ಆದರೆ 48ನೇ ರಾಷ್ಟ್ರೀಯ ಹೆದ್ದಾರಿ ಅಗಲವಾಗಿದೆಯೆಂದು ಎರಡು ತಾಸು ಒಂದೇ ವೇಗದಲ್ಲಿ ಕಾಲು ಊರಿ ಕೂರಬೇಡಿ. ವೇಗವನ್ನು ಏರಿಳಿಸುತ್ತಿರಿ, ಎಂಜಿನ್ ಕಿರುಚುವಷ್ಟು ಒತ್ತಬೇಡಿ, ಮೇಲಿನ ಗೇರಿನಲ್ಲಿ ಏದುಸಿರು ಬಿಡುವಷ್ಟು ನಿಧಾನವೂ ಬೇಡ. ರಿಂಗುಗಳು ಗೋಡೆಗೆ ಸರಿಯಾಗಿ ಕೂರಲು ಈ ಏರಿಳಿತವೇ ಬೇಕು.

ಬದಲಿಸುವಾಗ ಕೈಪಿಡಿ ಹೇಳಿದ ದರ್ಜೆಯನ್ನೇ ಹಾಕಿಸಿ. 0ಡಬ್ಲ್ಯು-20 ಎಂಬ ತೆಳು ದರ್ಜೆಯ ಆಯಿಲ್ ನೀರಿನಂತಿದೆ, ಬೇಸಿಗೆಯ ಬಿಸಿಲಿಗೆ ದಪ್ಪ ಆಯಿಲೇ ಬೇಕು ಎನ್ನುವ ಮೇಸ್ತ್ರಿಗಳು ಇನ್ನೂ ಇದ್ದಾರೆ. ಹೊರಗೆ ಬಿಸಿಲು 25 ಡಿಗ್ರಿ ಇರಲಿ, 40 ಇರಲಿ, ಕಾಯ್ದ ಎಂಜಿನ್ನನ್ನು ತಣಿಸುವ ದ್ರವವಾದ ಕೂಲಂಟನ್ನು ಥರ್ಮೋಸ್ಟಾಟ್ ಎಂಬ ಕವಾಟ 90 ಡಿಗ್ರಿಯ ಆಸುಪಾಸಿನಲ್ಲಿ ಇರಿಸುತ್ತದೆ. ಹಾಗಾಗಿ ಬಿಸಿಲಿಗೆಂದು ದಪ್ಪ ಆಯಿಲ್ ಬೇಕಿಲ್ಲ. ಆಯಿಲಿನ ಜೊತೆಗೆ ಫಿಲ್ಟರನ್ನೂ ಬದಲಿಸಿ.

ಮಕ್ಕಳು ಪುಣೆ, ಬೆಂಗಳೂರಿನಲ್ಲಿದ್ದು, ಮನೆ ಮುಂದೆ ಹೊದಿಕೆ ಹೊದ್ದು ನಿಂತಿರುವ ಕಾರುಗಳೂ ನಮ್ಮಲ್ಲಿ ಬಹಳ. ವರ್ಷಕ್ಕೆ 2,000 ಕಿಲೋಮೀಟರ್ ಓಡಿಲ್ಲ, ಆಯಿಲ್ ಏಕೆ ಎಂದು ಹಿರಿಯರು ಕೇಳುತ್ತಾರೆ. ಓಡದ ಕಾರಿನ ಆಯಿಲೂ ತೇವ ಹಿಡಿಯುತ್ತದೆ, ಅದರ ಗುಣ ಕುಂದುತ್ತದೆ. ಒಂದು ವರ್ಷವೆಂದು ಕೈಪಿಡಿಯಲ್ಲಿದ್ದರೆ ವರ್ಷಕ್ಕೇ ಬದಲಿಸಿ. ಬಿಲ್ಲಿನಲ್ಲಿ ದಿನಾಂಕ, ಓಡಿದ ಕಿಲೋಮೀಟರ್, ಆಯಿಲಿನ ದರ್ಜೆ ಮೂರೂ ಬರೆದಿವೆಯೇ ನೋಡಿಕೊಂಡು ತೆಗೆದಿಡಿ. ನಾಳೆ ಎಂಜಿನ್ನಿನ ವಾರಂಟಿ ವಿಷಯದಲ್ಲಿ ತಕರಾರು ಬಂದರೆ ಮೊದಲು ಬೇಕಾಗುವುದು ಆ ಕಾಗದವೇ. ನಮಸ್ಕಾರ.